ಆಲಿಸಿದವರ ಸಂಖ್ಯೆ

ತಿಂಗಳ ಕೊನೆಯ ದಿನ, ಕುಶಾಲನಗರದ ಬಸ್ಸಿನಲ್ಲಿ
ತೊಡೆಯ ಮೇಲೆ ಟಿಫಿನ್ ಕ್ಯಾರಿಯರ್, ಅದರ ಮೇಲೆ ವರದಿ ಫಾರಮು.
ಭೇಟಿ ಕೊಟ್ಟ ಮನೆ: ಏಳು.
ಇಲ್ಲಿಯವರೆಗೆ ಹಂಚಿದ ಕರಪತ್ರ: ನಲವತ್ತು.
ಆಲಿಸಿದವರ ಸಂಖ್ಯೆ –
ಬಸ್ಸು ಕುಲುಕಿತು, ಪೆನ್ನು ಗೀಚಿತು.
ರಸ್ತೆಯ ಗುಂಡಿಯದ್ದೇ ತಪ್ಪು ಅಂದುಕೊಳ್ಳೋಣ.

ಹೊಳೆ ಬಂದು ಹೋದ ವರ್ಷ ನನ್ನನ್ನು ಇಲ್ಲಿಗೆ ಹಾಕಿದರು.
ನೆಲ್ಯಹುದಿಕೇರಿಯ ದಡದಲ್ಲಿ
ಗೋಡೆಗಳಿಗೆಲ್ಲ ಸೊಂಟದೆತ್ತರ ಕೆಸರಿನ ಗೆರೆ.
ಸಭೆಯವರು ಎರಡು ಹೊಲಿಗೆ ಮಷೀನು ಕೊಟ್ಟರು,
ಒಂದು ಚೀಲ ಕರಪತ್ರವನ್ನೂ.
ಮಷೀನಿನ ಸದ್ದಿದ್ದಲ್ಲಿ ಹೆಂಗಸರು ಸೇರುತ್ತಾರೆ,
ಸೇರಿದಲ್ಲಿ ಬಾಯಿ ಬಿಡು ಸಲೋಮಿ, ಅಂದಿದ್ದರು ಪಾಸ್ಟರಮ್ಮ.

ಸೇರಿದರು.
ತೋಟದ ಕೆಲಸ ಮುಗಿಸಿ, ಉಗುರಿನ ಸಂದಿಯ ಮಣ್ಣು ಹಾಗೇ ಇಟ್ಟುಕೊಂಡು
ನೆಬೀಸ, ಸುಲೈಖ, ಅವಳ ಸೊಸೆ ರುಖಿಯ,
ಮತ್ತು ಹೊಲಿಯಲು ಬಾರದ, ಬರಬೇಕೆಂಬ ಆಸೆಯೂ ಇಲ್ಲದ
ಕುಂಞಿಪಾತುಮ್ಮ, ಗುಂಡಿ ಹುಡುಕಿಕೊಡುವ ನೆಪದಲ್ಲಿ.

ಕರಪತ್ರ ಕೊಟ್ಟೆ.
"ಪಡಚ್ಚೋನ ಹೆಸರಿದೆಯಾ ಇದರಲ್ಲಿ,
ನಮ್ಮನ್ನೆಲ್ಲ ಉಂಟುಮಾಡಿದವನದು?"
ಇದೆ ಅಂದೆ.
"ಹಾಗಾದರೆ ನೆಲಕ್ಕಿಡಬಾರದು" ಎಂದು ಕುಂಞಿಪಾತುಮ್ಮ
ನಲವತ್ತನ್ನೂ ಒಟ್ಟುಮಾಡಿ, ತಟ್ಟದ ತುದಿಯಲ್ಲಿ ಒರೆಸಿ
ಅಲಮಾರಿಯ ನೆತ್ತಿಗೇರಿಸಿದಳು,
ಮತ್ತೆ ಹೊಳೆ ಬಂದರೂ ತಲುಪದ ಎತ್ತರಕ್ಕೆ.
ಯಾರ ಕಣ್ಣೂ ತಲುಪದ ಎತ್ತರ ಅದು.

ಮಸೀದಿ ಕಮಿಟಿಯ ಮೊಯ್ದು ಹಾಜಿ ಒಂದು ದಿನ
ಅಂಗಳದಲ್ಲೇ ನಿಂತು ಮೆತ್ತಗೆ ಕೇಳಿದರು:
"ಹೊಲಿಗೆ ಮಾತ್ರ ಅಲ್ಲವಾ ಟೀಚರೇ?"
"ಹೊಲಿಗೆ ಮಾತ್ರ" ಅಂದೆ.
ಕೋಳಿ ಕೂಗಲಿಲ್ಲ. ಮಧ್ಯಾಹ್ನ ಎರಡೂವರೆ,
ಕೋಳಿಗಳೆಲ್ಲ ನುಚ್ಚು ಹೆಕ್ಕುತ್ತಿದ್ದವು.
ಒಳಗೆ ನೆಬೀಸ ಸೂಜಿಗೆ ದಾರ ಪೋಣಿಸುತ್ತಲೇ ಇದ್ದಳು,
ಪೋಣಿಸಿದ ಸೂಜಿಗೇ.

ಆಮೇಲೆ ಯಾರೂ ಕೇಳಲಿಲ್ಲ. ನನಗೇ ಬಾಯಿ ಕಟ್ಟಿತು.
ಡಿಸೆಂಬರ್ ಬಂತು. ಈಗಲಾದರೂ ಅಂದುಕೊಂಡು
ಚೂಡಿದಾರದ ಕುತ್ತಿಗೆ ತಿರುಗಿಸುತ್ತ ಶುರುಮಾಡಿದೆ:
ಮರಿಯ ಅಂತ ಒಬ್ಬಳು ಹುಡುಗಿ –
"ಮರ್ಯಂ ಬೀವಿಯಾ?"
ಕುಂಞಿಪಾತುಮ್ಮ ಗುಂಡಿ ಡಬ್ಬ ಮುಚ್ಚಿದಳು.
"ಅವಳ ಕತೆ ನಾನು ಹೇಳುತ್ತೇನೆ, ನೀನು ಹೊಲಿ."

ಊರಿನ ಬಾಯಿಗೆ ಹೆದರಿ ಒಬ್ಬಳೇ ಹೋದಳಂತೆ.
ಸೂಲಗಿತ್ತಿ ಇಲ್ಲ, ಬಿಸಿನೀರಿಲ್ಲ, ಹಿಡಿಯಲು ಒಂದು ಕೈಯಿಲ್ಲ.
ನೋವು ಬಂದಾಗ ಖರ್ಜೂರದ ಬೊಡ್ಡೆ ತಬ್ಬಿ
ಇದಕ್ಕೆ ಮೊದಲೇ ಸತ್ತಿದ್ದರಾಗುತ್ತಿತ್ತು, ಅಂದಳಂತೆ.
"ಅಂದಳಾ?"
"ಅನ್ನದೆ? ಹೆರುವವಳಲ್ಲವಾ."
ಆಮೇಲೆ ಕಾಲಡಿ ತೊರೆ, ಮರ ಅಲುಗಿಸೆನ್ನುವ ದನಿ, ಹಣ್ಣು.
ಅದೆಲ್ಲ ನನಗೆ ಸರಿಯಾಗಿ ಕೇಳಿಸಲಿಲ್ಲ.

ಸಭೆಯ ನಾಟಕದಲ್ಲಿ ಮೂರು ವರ್ಷ ನಾನೇ ಮರಿಯ.
ನೀಲಿ ಶಾಲು, ಮಡಿಲಲ್ಲಿ ಪ್ಲಾಸ್ಟಿಕ್ ಗೊಂಬೆ.
ನರಳು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ.
ನಾಲ್ಕನೆಯ ವರ್ಷ, ಮಡಿಕೇರಿಯ ಆಸ್ಪತ್ರೆಯಲ್ಲಿ
ಮಂಚದ ಕಬ್ಬಿಣದ ಸರಳು ಹಿಡಿದು
ನಾನೂ ಅದೇ ಮಾತು ಅಂದಿದ್ದೆ.
ಅಂದದ್ದಕ್ಕೇ ಮಗು ಉಳಿಯಲಿಲ್ಲವೇನೋ ಎಂದು
ಹನ್ನೊಂದು ವರ್ಷ ಮೊಣಕಾಲೂರಿ ಕ್ಷಮೆ ಕೇಳಿದ್ದೆ.
ಪಾಸ್ಟರಮ್ಮನಿಗೂ ಹೇಳಿರಲಿಲ್ಲ.

ಕುಂಞಿಪಾತುಮ್ಮ ಮುಖ ನೋಡಿದಳು. ಏನೂ ಕೇಳಲಿಲ್ಲ.
ಎದ್ದುಹೋಗಿ ಕಪ್ಪು ಚಹಾ ತಂದಳು, ಬೆಲ್ಲ ಜಾಸ್ತಿ.
ರುಖಿಯ ನನ್ನ ಕೈಯಿಂದ ಬಟ್ಟೆ ಬಿಡಿಸಿಕೊಂಡು
ನಾನು ತಿರುಗುಮುರುಗಾಗಿ ಹೊಲಿದ ಕುತ್ತಿಗೆಯನ್ನು
ಬ್ಲೇಡಿನಲ್ಲಿ ಒಂದೊಂದೇ ಹೊಲಿಗೆ ಬಿಚ್ಚತೊಡಗಿದಳು.

ಗುಡ್ಡೆಹೊಸೂರಿನಲ್ಲಿ ಬಸ್ಸು ನಿಂತಾಗ ಬರೆದೆ:
ಆಲಿಸಿದವರ ಸಂಖ್ಯೆ: ಒಂದು.
ಪಕ್ಕದಲ್ಲಿ ಹೆಸರು, ವಯಸ್ಸು, ಗಂಡನ ಹೆಸರು ಅಂತಿತ್ತು.
ಆಫೀಸಿನಲ್ಲಿ ಸಂತೋಷಪಡುತ್ತಾರೆ,
ಯಾರವಳು, ಪ್ರಾರ್ಥನೆಗೆ ಹೆಸರು ಕೊಡು ಅನ್ನುತ್ತಾರೆ.
ಕೇಳಿದಾಗ ನೋಡೋಣ.
ಕ್ಯಾರಿಯರಿನಲ್ಲಿ ರುಖಿಯ ಹಾಕಿಕೊಟ್ಟ ಪತ್ತಿರಿ
ಇನ್ನೂ ತೊಡೆ ಸುಡುತ್ತಿತ್ತು.